ನೀರಿನಲ್ಲಿ ಹುಟ್ಟದ ಬಾಗು

ಹಂಸಾ ಕತ್ತಿಯನ್ನು ತಂದದ್ದು ಒಂದು ಹಳೆಯ ಕ್ರಿಕೆಟ್ ಚೀಲದಲ್ಲಿ. ಜುಲೈ ತಿಂಗಳ ಶನಿವಾರ ಬೆಳಿಗ್ಗೆ. ಕ್ಲೆಮೆಂಟಿ ಪಕ್ಕದ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಶಾಮಲಾ ಒಬ್ಬಳೇ ಇದ್ದಳು. ಮೈಸೂರಿನಿಂದ ಈ ದ್ವೀಪನಗರಕ್ಕೆ ಬಂದು, ಹದಿನೆಂಟು ವರ್ಷಗಳಿಂದ ಅವಳು ಇಲ್ಲಿ ಉಕ್ಕಿನ ಕೆಲಸ ಮಾಡುತ್ತಿದ್ದಳು. ಹಡಗಿನ ತಗಡು ಯಾಕೆ ಸೀಳಿತು, ಸೇತುವೆಯ ಬೋಲ್ಟು ಯಾಕೆ ಮುರಿಯಿತು ಎಂದು ಕಂಡುಹಿಡಿಯುವುದು ಅವಳ ವೃತ್ತಿ. ಕತ್ತಿಯನ್ನು ಪರೀಕ್ಷಿಸಲು ಯಾರೂ ಇದುವರೆಗೆ ಕೇಳಿರಲಿಲ್ಲ.

"ತಾತ ತಾನೇ ತರ್ತೀನಿ ಅಂದ್ರು ಆಂಟಿ. ನಾನೇ ಬೇಡ ಅಂದೆ. ಪೇಪರ್ಸ್ ಎಲ್ಲಾ ಇದೆ, ಪೊಲೀಸ್ ಲೆಟರ್ ಕೂಡ," ಎಂದು ಹಂಸಾ ಚೀಲದ ಜಿಪ್ ಎಳೆದಳು. ಅವಳು ರಾಫೆಲ್ಸ್ ಪ್ಲೇಸಿನ ಒಂದು ಬ್ಯಾಂಕಿನಲ್ಲಿ ಕೆಲಸಕ್ಕಿದ್ದ ಇಪ್ಪತ್ತೊಂಬತ್ತರ ಹುಡುಗಿ. ಶಾಮಲಾ ಅವಳನ್ನು ಕನ್ನಡ ಸಂಘದ ಯುಗಾದಿ ಊಟದಲ್ಲಿ ನೋಡಿದ್ದಳು. ಯುದ್ಧ ಮುಗಿದು ಎಂಬತ್ತು ವರ್ಷವಾದ ನೆನಪಿಗೆ ಒಂದು ಸಣ್ಣ ಖಾಸಗಿ ಸಂಗ್ರಹಾಲಯ ಸೆಪ್ಟೆಂಬರಿನಲ್ಲಿ ಪ್ರದರ್ಶನ ಇಡುತ್ತಿತ್ತು. ಈ ಕತ್ತಿ ಅಲ್ಲಿಗೆ ಹೋಗಬೇಕಿತ್ತು. ಅದಕ್ಕೆ ತಜ್ಞರ ಒಂದು ಪುಟದ ವರದಿ ಬೇಕು, ಅಷ್ಟೇ.

ಕತ್ತಿಯ ಕಥೆಯನ್ನು ಹಂಸಾ ತಡವರಿಸದೆ ಹೇಳಿದಳು. ಹತ್ತು ವರ್ಷದವಳಾಗಿದ್ದಾಗಿನಿಂದ ಹೇಳುತ್ತ ಬಂದ ಕಥೆ. ಅವಳ ಮುತ್ತಾತ ಗುರುಮೂರ್ತಿ ಮತ್ತು ಅವರ ಅಣ್ಣ ಗಿರಿಧರ್ ಕೋಲಾರದ ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್‌ಗಳಾಗಿದ್ದವರು, ಕಮ್ಮಾರಿಕೆಯ ಮನೆತನ. ೧೯೩೮ರಲ್ಲಿ ಇಬ್ಬರೂ ಈ ದ್ವೀಪದ ಸೆಂಬವಾಂಗಿನಲ್ಲಿದ್ದ ಬ್ರಿಟಿಷರ ನೌಕಾನೆಲೆಗೆ ಕೆಲಸಕ್ಕೆ ಬಂದರು. ದ್ವೀಪ ಜಪಾನೀಯರ ಕೈಸೇರಿದ ಮೇಲೆ, ೧೯೪೩ರಲ್ಲಿ, ಅವರು ಅಣ್ಣನನ್ನು ಹಿಡಿದೊಯ್ದರು. ಸಮುದ್ರದ ದಂಡೆಯಲ್ಲಿ ಒಬ್ಬ ಅಧಿಕಾರಿ ಅವನ ತಲೆ ಕಡಿದ. ಜಪಾನ್ ಶರಣಾದ ಮೇಲೆ ತಮ್ಮ ಆ ಅಧಿಕಾರಿಯ ಕತ್ತಿಯನ್ನೇ ಪತ್ತೆ ಮಾಡಿ ಮನೆಗೆ ತಂದ.

"ಆಯುಧಪೂಜೆಗೆ ಇದಕ್ಕೆ ಮಾತ್ರ ಕುಂಕುಮ ಇಡಲ್ಲ ನಾವು," ಎಂದಳು ಹಂಸಾ.

ಶಾಮಲಾ ಕೈಗವಸು ಹಾಕಿಕೊಂಡು ಕತ್ತಿಯನ್ನು ಒರೆಯಿಂದ ತೆಗೆದಳು. ತುಕ್ಕಿಲ್ಲ. ಎಂಬತ್ತು ವರ್ಷ ಯಾರೋ ಎಣ್ಣೆ ಹಚ್ಚಿ ಕಾಪಾಡಿದ್ದರು.

ಹಂಸಾ ಹೋದ ಮೇಲೆ ಅವಳು ಕೆಲಸ ಶುರುಮಾಡಿದಳು. ಮೊದಲು ಬಾಗನ್ನು ಅಳೆಯುವುದು. ಕತ್ತಿಯನ್ನು ಮೇಜಿನ ಮೇಲೆ ಮಲಗಿಸಿ, ತುದಿಯಿಂದ ಹಿಡಿಯ ಹತ್ತಿರದ ಕಚ್ಚಿನವರೆಗೆ ಬೆನ್ನಿನ ಕಡೆ ಒಂದು ದಾರ ಎಳೆದು ಕಟ್ಟಿದಳು. ದಾರಕ್ಕೂ ಬೆನ್ನಿಗೂ ನಡುವೆ ಅತಿ ಹೆಚ್ಚು ಅಂತರ ಹದಿನಾಲ್ಕು ಮಿಲಿಮೀಟರ್. ಅದರಲ್ಲಿ ವಿಶೇಷವೇನೂ ಇರಲಿಲ್ಲ. ಆದರೆ ಆ ಅಂತರ ಕತ್ತಿಯ ನಟ್ಟನಡುವೆ ಬಿದ್ದಿತ್ತು, ಎರಡೂ ಕಡೆ ಒಂದೇ ಸಮನಾಗಿ ಇಳಿದಿತ್ತು. ಕಂಪಾಸಿನಿಂದ ಗೀರಿದ ಹಾಗೆ.

ಜಪಾನಿನ ಹಳೆಯ ಕಮ್ಮಾರರು ಕತ್ತಿಯನ್ನು ಹೆಚ್ಚುಕಡಿಮೆ ನೇರವಾಗಿಯೇ ಬಡಿಯುತ್ತಿದ್ದರು. ಬೆನ್ನಿಗೆ ದಪ್ಪ ಮಣ್ಣು, ಅಂಚಿಗೆ ತೆಳು ಮಣ್ಣು ಮೆತ್ತಿ, ಕೆಂಪಗೆ ಕಾಯಿಸಿ ನೀರಿಗೆ ಅದ್ದುತ್ತಿದ್ದರು. ತೆಳು ಮಣ್ಣಿನ ಅಂಚು ತಟ್ಟನೆ ತಣ್ಣಗಾಗಿ ಗಡುಸಾಗುತ್ತದೆ. ಗಡುಸಾಗುವಾಗ ಆ ಉಕ್ಕು ಒಂದಿಷ್ಟು ಹಿಗ್ಗುತ್ತದೆ. ನಿಧಾನವಾಗಿ ಆರುವ ಬೆನ್ನು ಮೆತ್ತಗೆ ಉಳಿಯುತ್ತದೆ. ಹಿಗ್ಗಿದ ಅಂಚು ಬೆನ್ನನ್ನು ತಳ್ಳಿ ಕತ್ತಿ ಬಾಗುತ್ತದೆ. ಬಾಗು ಸುತ್ತಿಗೆಯ ಏಟಿಗೆ ಬರುವುದಲ್ಲ, ನೀರಿನಲ್ಲಿ ಹುಟ್ಟುವುದು. ಅಂಥ ಕತ್ತಿಯಲ್ಲಿ ಅಂಚಿಗೂ ಬೆನ್ನಿಗೂ ಗಡಸುತನದಲ್ಲಿ ಬಹಳ ವ್ಯತ್ಯಾಸ ಇರಲೇಬೇಕು.

ಇದರಲ್ಲಿ ಇರಲಿಲ್ಲ. ಅಂಚು, ಬೆನ್ನು ಎರಡೂ ಒಂದೇ. ಅಂಚಿನುದ್ದಕ್ಕೂ ಅಲೆಯಂತೆ ಕಾಣುತ್ತಿದ್ದ ಬಿಳಿ ಗೆರೆ ಆಸಿಡ್‌ನಿಂದ ಬರೆದದ್ದು.

ಯುದ್ಧಕಾಲದಲ್ಲಿ ಜಪಾನಿನ ಕಾರ್ಖಾನೆಗಳೇ ಅವಸರದಲ್ಲಿ ಇಂಥ ಕತ್ತಿಗಳನ್ನು ತಯಾರಿಸಿದ್ದವು ಎಂಬುದು ಶಾಮಲಾಳಿಗೆ ಗೊತ್ತಿತ್ತು. ಹಾಗಾಗಿ ಅವಳು ಅಲ್ಲಿಗೇ ನಿಲ್ಲಲಿಲ್ಲ. ಹಿಡಿಯನ್ನು ಬಿಚ್ಚಿ, ಒಳಗಿನ ಉಕ್ಕಿನ ಬುಡದಲ್ಲಿ ಉಗುರಿನಷ್ಟು ಜಾಗ ಉಜ್ಜಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟಳು. ಮಿಲ್ಲಿನಲ್ಲಿ ಉರುಳೆಗಳ ನಡುವೆ ಹಾದುಬಂದ ಉಕ್ಕಿನಲ್ಲಿ ಕೂದಲೆಳೆಯಂಥ ಗೆರೆಗಳಿರುತ್ತವೆ. ಅವು ಇಲ್ಲಿಯೂ ಇದ್ದವು. ಇನ್ನೂ ನಾಲ್ಕು ಕಡೆ ನೋಡಿದಳು. ಎಲ್ಲ ಕಡೆಯೂ ಎಳೆಗಳು ನೇರವಾಗಿ ಹೋಗಿದ್ದವು. ಕತ್ತಿ ಬಾಗಿದಲ್ಲಿ ಎಳೆಗಳು ಬಾಗಿರಲಿಲ್ಲ. ಅಂಚಿಗೆ ಬಂದು ಕಡಿದುಹೋಗಿದ್ದವು. ಬೆತ್ತವನ್ನು ಬಗ್ಗಿಸಿದರೆ ನಾರೂ ಬಗ್ಗುತ್ತದೆ. ಹಲಗೆಯಿಂದ ಬಿಲ್ಲಿನಾಕಾರ ಕೊಯ್ದು ತೆಗೆದರೆ ನಾರು ನೇರವಾಗಿಯೇ ಉಳಿಯುತ್ತದೆ. ಇದು ಕೊಯ್ದು ತೆಗೆದ ಕತ್ತಿ. ಉಕ್ಕಿನಲ್ಲಿದ್ದ ಸಿಲಿಕಾನ್, ಮ್ಯಾಂಗನೀಸ್ ನೋಡಿದರೆ ಯಾವುದೋ ಲಾರಿಯ ಸ್ಪ್ರಿಂಗಿನ ಕಮಾನು ಪಟ್ಟಿ, ಕಾರ್ಖಾನೆಯ ಕತ್ತಿಯ ಉಕ್ಕಲ್ಲ.

ಹಿಡಿಯ ಮರದೊಳಗೆ ಬಿಗಿಯಾಗಲೆಂದು ಮಡಚಿ ತುರುಕಿದ್ದ ಕಾಗದದ ಪಟ್ಟಿಯೊಂದು ಸಿಕ್ಕಿತು. ಇಂಗ್ಲಿಷ್ ಪತ್ರಿಕೆಯ ತುಂಡು. ಒಂದು ಕಡೆ ಅಕ್ಕಿಯ ರೇಷನ್ ಬಗ್ಗೆ ಅರ್ಧ ಸುದ್ದಿ, ಮೇಲೆ ತಾರೀಖು: ಜನವರಿ ೧೯೪೬. ಜಪಾನೀಯರು ಶರಣಾಗಿ ಆಗಲೇ ನಾಲ್ಕು ತಿಂಗಳು ಕಳೆದಿತ್ತು.

ಶಾಮಲಾ ಆ ದಿನ ಊಟ ಮಾಡುವುದನ್ನು ಮರೆತಳು.

ಸೋಮವಾರ ಅವಳು ರಾಫೆಲ್ಸ್ ಪ್ಲೇಸಿಗೆ ಹೋಗಿ ಹಂಸಾಳನ್ನು ಅವಳ ಊಟದ ವೇಳೆಯಲ್ಲಿ ಭೇಟಿಯಾದಳು. ಸಾಲು ತಿಂಡಿ ಅಂಗಡಿಗಳ ಹಾಕರ್ ಸೆಂಟರಿನ ಗದ್ದಲದಲ್ಲಿ ಇಬ್ಬರೂ ಎದುರುಬದುರು ಕೂತರು. ಶಾಮಲಾ ಹೇಳಿ ಮುಗಿಸುವವರೆಗೆ ಹಂಸಾ ತನ್ನ ತಟ್ಟೆಯನ್ನು ಮುಟ್ಟಲಿಲ್ಲ.

"ಸೋ, ಫೇಕ್."

"ಹಾಗಲ್ಲ ಹಂಸಾ. ಊರಿಗೆ ಮರಳೋ ಸೈನಿಕರಿಗೆ ನೆನಪಿನ ವಸ್ತು ಅಂತ ಮಾರೋಕೆ ಯುದ್ಧ ಮುಗಿದ ಮೇಲೆ ಇಂಥವನ್ನ ಮಾಡ್ತಿದ್ರಂತೆ. ನಿಮ್ಮ ಮುತ್ತಾತನಿಗೆ ಯಾರೋ ಮೋಸ ಮಾಡಿರಬಹುದು."

"ತಾತಂಗೆ ಎಪ್ಪತ್ತೆಂಟು ಆಂಟಿ. ಲಾಸ್ಟ್ ಇಯರ್ ಅಜ್ಜಿ ಹೋದ್ರು. ಈ ಎಕ್ಸಿಬಿಷನ್ ಅಂತ ಒಂದು ಹೊಸ ಶರ್ಟ್ ಬೇರೆ ತಗೊಂಡಿದಾರೆ." ಹಂಸಾಳ ದನಿ ಇಳಿಯಿತು, ಮಾತಿಗೆ ಇಲ್ಲಿನವರ ಇಂಗ್ಲಿಷಿನ ಧಾಟಿ ಬಂತು. "ರಿಪೋರ್ಟಲ್ಲಿ ಇನ್‌ಕನ್‌ಕ್ಲೂಸಿವ್ ಅಂತ ಹಾಕಿ, ಕ್ಯಾನ್ ಆ, ಆಗುತ್ತಾ? ಎರಡು ಲೈನ್ ಬಿಟ್ರೆ ಸಾಕು. ಯಾರಿಗೂ ಲಾಸ್ ಇಲ್ಲ ಲಾ."

ಮಧ್ಯಾಹ್ನ ಶಾಮಲಾ ಕಚೇರಿಗೆ ಮರಳಿ ಆ ಎರಡು ಸಾಲು ಬಿಟ್ಟೇ ವರದಿ ಬರೆದಳು. 'ಯುದ್ಧಕಾಲದ ಮಾದರಿಗೆ ಹೊಂದುತ್ತದೆ. ತಯಾರಿಕೆಯ ಕಾಲ, ಸ್ಥಳ ಖಚಿತವಾಗಿ ಹೇಳಲಾಗದು.' ಒಂದೊಂದೇ ಪದ ನೋಡಿದರೆ ಯಾವುದೂ ಪೂರ್ತಿ ಸುಳ್ಳಲ್ಲ. ಪ್ರಿಂಟ್ ತೆಗೆದು ಸಹಿ ಹಾಕದೆ ಡ್ರಾಯರಿನಲ್ಲಿಟ್ಟಳು. ಬುಧವಾರವೂ ಹಾಕಲಿಲ್ಲ. ವಿದ್ಯಾರ್ಥಿಗಳ ಅಂಕಿಅಂಶದಲ್ಲಿ ಒಂದು ಚುಕ್ಕಿ ಆಚೀಚೆಯಾದರೂ ಸಿಡುಕುವ ಹೆಂಗಸು ಅವಳು. ಡ್ರಾಯರ್ ಎಳೆದಾಗಲೆಲ್ಲ ಮುಖ ಬಿಸಿಯಾಗುತ್ತಿತ್ತು.

ಗುರುವಾರ ಬೆಳಿಗ್ಗೆ ಬಾಗಿಲು ತಟ್ಟಿದ್ದು ಬದರಿನಾಥ್. ಹಂಸಾಳ ತಾತ, ಗುರುಮೂರ್ತಿಯವರ ಒಬ್ಬನೇ ಮಗ. ಹಡಗುಕಟ್ಟೆಯಲ್ಲಿ ನಲವತ್ತು ವರ್ಷ ವೆಲ್ಡಿಂಗ್ ಇನ್‌ಸ್ಪೆಕ್ಟರ್ ಆಗಿದ್ದವರು. ತೆಳ್ಳಗಿನ, ನೆಟ್ಟಗಿನ ಮನುಷ್ಯ. ಇಸ್ತ್ರಿ ಮಾಡಿದ ಶರ್ಟು.

"ಮೊಮ್ಮಗಳು ಫೋನಲ್ಲಿ ಸರಿಯಾಗಿ ಮಾತಾಡ್ತಿಲ್ಲಮ್ಮ. ಏನೋ ಮುಚ್ಚಿಡ್ತಾ ಇದಾಳೆ. ಅದಕ್ಕೆ ನಾನೇ ಬಂದೆ. ರಿಪೋರ್ಟ್ ಆಯ್ತಾ?"

ಶಾಮಲಾ ಡ್ರಾಯರಿನಿಂದ ಹಾಳೆ ತೆಗೆದುಕೊಟ್ಟಳು. ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು.

"ಇದು ಪೂರ್ತಿನಾ?"

ಅವಳು ಡ್ರಾಯರನ್ನು ತಳ್ಳಿ ಮುಚ್ಚಿದಳು.

"ನೋಡಮ್ಮ, ನಾನೂ ರಿಪೋರ್ಟ್ ಬರ್ದೋನೇ. ಏನೂ ಹೇಳಬಾರ್ದು ಅಂದ್ರೆ ಹೆಂಗೆ ಬರೀತಾರೆ ಅಂತ ನಂಗೊತ್ತು. ಸೆಂಬವಾಂಗಿಂದ ಎಮ್‌ಆರ್‌ಟಿ ಟ್ರೈನ್ ಹಿಡ್ಕೊಂಡು ಇದಕ್ಕಾ ನಾನು ಬಂದಿದ್ದು?"

"ಕೂತ್ಕೊಳ್ಳಿ ಅಂಕಲ್," ಎಂದಳು ಶಾಮಲಾ. ಆಮೇಲೆ ಎಲ್ಲವನ್ನೂ ಹೇಳಿದಳು. ದಾರ ಕಟ್ಟಿ ತೋರಿಸಿದಳು, ಪರದೆಯ ಮೇಲೆ ನೇರ ಎಳೆಗಳನ್ನು ತೋರಿಸಿದಳು, ಪತ್ರಿಕೆಯ ತುಂಡನ್ನು ತೋರಿಸಿದಳು. ಕಾಗದ ಆಮೇಲೆ ರಿಪೇರಿಗೆ ಹಾಕಿದ್ದಿರಬಹುದು, ಆದರೆ ಉಕ್ಕಿನ ವಿಷಯ ಬದಲಾಗುವುದಿಲ್ಲ ಎಂದೂ ಹೇಳಿದಳು. ಕೊನೆಗೆ, ಸಮಾಧಾನಕ್ಕೆಂದು, "ಇದನ್ನ ಯಾರೂ ಯಾವತ್ತೂ ಸಾಣೆ ಹಿಡಿದಿಲ್ಲ ಅಂಕಲ್. ಅಂಚು ಮೊಂಡು. ಇದು ಯಾರನ್ನೂ ಕೊಂದಿಲ್ಲ," ಎಂದಳು.

"ಹಂಗಾದ್ರೆ ನಮ್ಮ ದೊಡ್ಡಪ್ಪ ಹೆಂಗೆ ಸತ್ರು?"

"ನಿಮ್ಮ ತಂದೆಗೆ ಯಾರೋ ಇದನ್ನ ತೋರಿಸಿ ನಂಬಿಸಿರಬಹುದು..."

ಬದರಿನಾಥ್ ಕೇಳಿಸಿಕೊಳ್ಳುತ್ತಿರಲಿಲ್ಲ. ಹಿಡಿ ಬಿಚ್ಚಿದ ಕತ್ತಿಯ ಬುಡವನ್ನು ದೀಪಕ್ಕೆ ಹಿಡಿದು ನೋಡುತ್ತಿದ್ದರು. ಬುಡದ ಕೊನೆಯಲ್ಲಿ, ಕಾಳಿನಷ್ಟು ಚಿಕ್ಕದಾಗಿ, ಪಂಚಿನಿಂದ ಹೊಡೆದ ಒಂದು ಗುರುತಿತ್ತು. ಅರ್ಧಚಂದ್ರ, ಅದರ ಎರಡು ಪಕ್ಕ ಎರಡು ಚುಕ್ಕಿ. ಶಾಮಲಾ ಅದನ್ನು ನೋಡಿದ್ದಳು, ಯಾವುದೋ ಅಂಗಡಿಯ ಮುದ್ರೆ ಎಂದುಕೊಂಡಿದ್ದಳು. ಅವರು ಹೆಬ್ಬೆರಳಿನಿಂದ ಅದನ್ನು ಮುಟ್ಟಿದರು, ಮತ್ತೆ ಮುಟ್ಟಿದರು.

"ವಾಪಸ್ ಜೋಡ್ಸಿ ಕೊಡಮ್ಮ," ಎಂದರು. ಟ್ಯಾಕ್ಸಿ ಬುಕ್ ಮಾಡಿಕೊಡಲೇ ಎಂದು ಕೇಳಿದ್ದಕ್ಕೆ ಬೇಡವೆಂದು ತಲೆಯಾಡಿಸಿದರು. ಹೋಗುವಾಗ ಕತ್ತಿಯ ಚೀಲವನ್ನು ಎದೆಗವಚಿಕೊಂಡಿದ್ದರು.

ಭಾನುವಾರ ಅವರಿಂದ ಫೋನ್ ಬಂತು. ಮನೆಗೆ ಬರಲು ಸಾಧ್ಯವೇ ಎಂದು ಕೇಳಿದರು.

ಸೆಂಬವಾಂಗಿನ ಆ ಫ್ಲಾಟಿನ ಕೆಳಗೆ ವಾಯ್ಡ್ ಡೆಕ್ ಎನ್ನುವ ತೆರೆದ ಹಜಾರದಲ್ಲಿ ಯಾರದೋ ಮದುವೆಯ ಕುರ್ಚಿ ಜೋಡಿಸುತ್ತಿದ್ದರು. ಒಂಬತ್ತನೇ ಮಹಡಿಯಲ್ಲಿ ಬದರಿನಾಥ್ ಊಟದ ಮೇಜಿನ ಮೇಲೆ ಹಳೆಯ ಟವೆಲ್ ಹಾಸಿ, ಅದರ ಮೇಲೆ ಒಂದು ಸುತ್ತಿಗೆ, ಎರಡು ಉಳಿ, ಒಂದು ಅರ ಸಾಲಾಗಿ ಇಟ್ಟಿದ್ದರು. ಪ್ರತಿಯೊಂದರ ಮೇಲೂ ಅದೇ ಅರ್ಧಚಂದ್ರ, ಎರಡು ಚುಕ್ಕಿ.

"ಗಣಿ ವರ್ಕ್‌ಶಾಪಲ್ಲಿ ಒಬ್ರ ಹತ್ಯಾರ ಇನ್ನೊಬ್ರು ಎತ್ಕೊಂಡು ಹೋಗ್ತಿದ್ರಂತೆ. ಅದಕ್ಕೆ ಗುರುತು. ಇದು ನಮ್ಮಪ್ಪಂದು. ಬೇರೆ ಯಾರ್ದೂ ಅಲ್ಲ." ಅವರು ಕುರ್ಚಿ ಎಳೆದು ಕೂತರು. "ಅಪ್ಪಂಗೆ ಯಾರೂ ಮೋಸ ಮಾಡ್ಲಿಲ್ಲಮ್ಮ. ಅಪ್ಪನೇ ಮಾಡಿದ್ದು ಅದನ್ನ."

ಶಾಮಲಾ ಎದುರಿನ ಕುರ್ಚಿಯಲ್ಲಿ ಕೂತಳು. ಅವರು ಹೇಳತೊಡಗಿದರು.

ಗಿರಿಧರ್‌ನನ್ನು ಕರೆದೊಯ್ದಾಗ ಅವನ ಹೆಂಡತಿ ಕಾಮಾಕ್ಷಿಗೆ ಇಪ್ಪತ್ತೊಂದು ವರ್ಷ. ಮಕ್ಕಳಿರಲಿಲ್ಲ. ಸಿಯಾಮಿನ ಕಾಡಿನಲ್ಲಿ ಜಪಾನೀಯರ ರೈಲುದಾರಿ ಹಾಕುವ ಕೆಲಸಕ್ಕೆ ಒಯ್ದರು ಎಂದು ಒಬ್ಬರು, ಇಲ್ಲಿನ ಜೈಲಿನಲ್ಲೇ ಇದ್ದಾನೆ ಎಂದು ಇನ್ನೊಬ್ಬರು ಹೇಳಿದರು. ಯುದ್ಧ ಮುಗಿಯಿತು. ಹೋದವರಲ್ಲಿ ಕೆಲವರು ಮೂಳೆಚಕ್ಕಳವಾಗಿ ಮರಳಿದರು. ಅವನು ಬರಲಿಲ್ಲ. ಕಾಮಾಕ್ಷಿ ದಿನವೂ ಲಾರಿ ನಿಲ್ಲುವ ಜಾಗಕ್ಕೆ ಹೋಗಿ ನಿಲ್ಲುತ್ತಿದ್ದಳು. ಊಟಕ್ಕೆ ಎರಡು ತಟ್ಟೆ ಹಾಕುತ್ತಿದ್ದಳು. ದೇವಸ್ಥಾನದ ಪುರೋಹಿತರನ್ನು ಕೇಳಿದಾಗ, ಸುದ್ದಿಯೇ ಇಲ್ಲದವರಿಗೆ ಹನ್ನೆರಡು ವರ್ಷ ಕಾದ ಮೇಲೆಯೇ ಕರ್ಮ ಎಂದರು.

"ಹನ್ನೆರಡು ವರ್ಷ," ಎಂದರು ಬದರಿನಾಥ್. "ನಲವತ್ತಾರರಲ್ಲಿ ಒಂದು ದಿನ ಅಪ್ಪ ಈ ಕತ್ತಿ ತಂದು ಅವಳ ಮುಂದಿಟ್ರು. ಕಣ್ಣಾರೆ ನೋಡ್ದೋರು ಸಿಕ್ಕಿದ್ರು, ಇಂಥಾ ತಿಥಿ, ಶ್ರಾವಣ ಬಹುಳ ಪಂಚಮಿ, ಇದೇ ಕತ್ತಿ ಅಂದ್ರು. ಅವತ್ತೇ ಬಳೆ ಒಡೆದಳಂತೆ. ಕರ್ಮ ಎಲ್ಲ ಮಾಡಿದ್ರು."

"ಅವರು ಆಮೇಲೆ ಊರಿಗೆ ಹೋದ್ರಾ?"

ಬದರಿನಾಥ್ ಅವಳ ಮುಖ ನೋಡಿದರು. ಹಂಸಾ ಇದನ್ನು ಹೇಳಿಲ್ಲವೆಂದು ಅವರಿಗೆ ಆಗ ತಿಳಿಯಿತು. ಬಹುಶಃ ಹಂಸಾಳಿಗೂ ಗೊತ್ತಿರಲಿಲ್ಲ.

"ಕಾಮಾಕ್ಷಿ ನಮ್ಮಮ್ಮ," ಎಂದರು. "ಆ ಜೂನಲ್ಲಿ ಅಪ್ಪ ಅವಳನ್ನೇ ಮದುವೆ ಆದ್ರು. ಅತ್ತಿಗೆನ. ಊರಲ್ಲಾಗಿದ್ರೆ ಇಬ್ರನ್ನೂ ಓಡಿಸ್ತಿದ್ರು. ಇಲ್ಲಿ ಕ್ವಾರ್ಟರ್ಸಲ್ಲಿ ಆರು ತಿಂಗಳು ಯಾರೂ ಮಾತಾಡ್ಸಲಿಲ್ವಂತೆ. ಮುಂದಿನ ಮಾರ್ಚಲ್ಲಿ ನಾನು ಹುಟ್ಟಿದೆ."

ಕೆಳಗಿನ ವಾಯ್ಡ್ ಡೆಕ್ಕಿನಿಂದ ಯಾರೋ ಮೈಕ್ ಪರೀಕ್ಷಿಸುವ ಸದ್ದು ಬಂತು.

"ಮೂರು ದಿನದಿಂದ ಇದೇ ಯೋಚ್ನೆ. ಅವಳು ಕಾಯೋದು ನೋಡಕ್ಕಾಗದೆ ಮಾಡಿದ್ರೋ, ತನಗೆ ಬೇಕು ಅಂತ ಮಾಡಿದ್ರೋ? ಅಣ್ಣ ಸತ್ತಿರೋದು ಗೊತ್ತಿತ್ತೋ, ಇಲ್ಲ, ಬದುಕಿದ್ದೋನನ್ನ ಕೊಂದುಬಿಟ್ರೋ? ನಾನು ಮೂರು ವರ್ಷದ ಮಗು ಆಗಿದ್ದಾಗ ದೊಡ್ಡಪ್ಪ ಬಾಗಿಲಿಗೆ ಬಂದಿದ್ರೆ? ಹೇಳಮ್ಮ, ಏನು ಗತಿ?"

"ನಿಮ್ಮ ತಾಯಿಗೆ ಅನುಮಾನ ಇರಲಿಲ್ವಾ ಅಂಕಲ್?"

ಅವರು ಸುತ್ತಿಗೆಯ ಹಿಡಿಯನ್ನು ಸವರಿದರು.

"ಅಮ್ಮ ಕಮ್ಮಾರರ ಮನೆ ಮಗಳು. ತನ್ನಪ್ಪನ ಕುಲುಮೆ ಮುಂದೇನೇ ಬೆಳೆದೋಳು. ಯಾರ ಕೈಕೆಲಸ ಅಂತ ದೂರದಿಂದ ನೋಡಿ ಹೇಳೋಳು. ಕತ್ತಿನ ಅವಳು ಯಾವತ್ತೂ ಮುಟ್ಲಿಲ್ಲ. ವರ್ಷಕ್ಕೊಂದು ಸಲ ಎಣ್ಣೆ ಹಚ್ಚೋದು ಅಪ್ಪನೇ. ಒಂದು ಸಲ ಅಪ್ಪಂಗೆ ಜ್ವರ, ನಾನು ಹಚ್ತೀನಿ ಅಂತ ಹೋದೆ. ಬೇಡ, ಮಾಡ್ದೋರೇ ಒರೆಸ್ಲಿ ಅಂದ್ಳು." ಅವರು ಸುತ್ತಿಗೆಯನ್ನು ಪಕ್ಕಕ್ಕೆ ಸರಿಸಿದರು. "ಕರ್ಮ ಮಾಡ್ದೋರು ಅಂತ ಅನ್ಕೊಂಡಿದ್ದೆ ನಾನು. ಇಷ್ಟು ವರ್ಷ ಹಂಗೇ ಅನ್ಕೊಂಡಿದ್ದೆ."

ಶಾಮಲಾ ಅಡುಗೆಮನೆಗೆ ಹೋಗಿ ತಾನೇ ನೀರು ತಂದುಕೊಟ್ಟಳು. ಆ ದಿನ ಸಂಜೆಯೇ ವರದಿಯನ್ನು ಮತ್ತೆ ಬರೆದು, ಬಿಟ್ಟಿದ್ದೆಲ್ಲವನ್ನೂ ಸೇರಿಸಿ ಸಹಿ ಹಾಕಿದಳು. ಗುರುತು ಯಾರದು ಎಂಬುದನ್ನು ಮಾತ್ರ ಬರೆಯಲಿಲ್ಲ. ಅದು ಬದರಿನಾಥರು ಹೇಳಬೇಕಾದ ಮಾತು.

ಅವರು ಹೇಳಿದರು. ಸಂಗ್ರಹಾಲಯಕ್ಕೆ ತಾವೇ ಕಾಗದ ಬರೆದರು. 'ಈ ಕತ್ತಿಯನ್ನು ೧೯೪೬ರಲ್ಲಿ ಸೆಂಬವಾಂಗಿನಲ್ಲಿ ನನ್ನ ತಂದೆ ಗುರುಮೂರ್ತಿ ತಯಾರಿಸಿದರು. ಅವರ ಅಣ್ಣ ಗಿರಿಧರ್ ಅವರನ್ನು ೧೯೪೩ರಲ್ಲಿ ಕರೆದೊಯ್ದರು. ಅವರು ಏನಾದರೆಂದು ನಮಗೆ ಗೊತ್ತಿಲ್ಲ.' ಹೀಗೆ ಬರೆದು ಇಡುವುದಾದರೆ ಇಡಿ ಎಂದರು. ಹತ್ತು ದಿನ ಬಿಟ್ಟು ವಿನಯದ ಉತ್ತರ ಬಂತು. ಪ್ರದರ್ಶನದ ವಿಷಯಕ್ಕೆ ಇದು ಹೊಂದುವುದಿಲ್ಲ, ಕ್ಷಮಿಸಿ.

ಹಂಸಾ ಶಾಮಲಾಳ ಫೋನ್ ಎತ್ತುವುದನ್ನು ಬಿಟ್ಟಿದ್ದಳು. ಆಗಸ್ಟ್ ಕೊನೆಗೆ ಒಂದು ಮಧ್ಯಾಹ್ನ ಹೇಳದೆ ಕೇಳದೆ ಪ್ರಯೋಗಾಲಯಕ್ಕೆ ಬಂದು ನಿಂತಳು.

"ತಾತ ಎಲ್ಲಾ ಹೇಳಿದ್ರು. ಮುತ್ತಜ್ಜಿ ಬಗ್ಗೆ ಕೂಡ," ಎಂದಳು. "ಆ ಲೈನ್ಸ್ ನಂಗೆ ತೋರ್ಸಿ ಆಂಟಿ."

ಶಾಮಲಾ ತೆಗೆದಿಟ್ಟಿದ್ದ ಚಿತ್ರಗಳನ್ನು ಪರದೆಗೆ ಹಾಕಿದಳು. ಹಂಸಾ ತುಂಬ ಹೊತ್ತು ನೋಡಿದಳು.

"ನಾನು ಸ್ಕೂಲಲ್ಲಿ ಈ ಸ್ಟೋರಿ ಹೇಳಿದಾಗ ಇಡೀ ಕ್ಲಾಸ್ ಸೈಲೆಂಟ್ ಆಗಿತ್ತು. ನಂಗೆ ಎಷ್ಟು ಜಂಭ ಗೊತ್ತಾ? ಒಬ್ರ ತಲೆ ಕಡಿದಿದ್ದು ಹೇಳಿ ಜಂಭ." ಅವಳು ಕಣ್ಣೊರೆಸಿಕೊಂಡಳು. "ತಾತ ಸರಿಯಾಗಿ ಊಟ ಮಾಡ್ತಿಲ್ಲ. ಅವರಪ್ಪನ ಫೋಟೋನ ಹಾಲಿಂದ ತೆಗೆದು ರೂಮಲ್ಲಿ ಇಟ್ಟಿದಾರೆ. ನೀವು ಹೇಳದೇ ಇದ್ದಿದ್ರೆ..."

"ಹೌದು," ಎಂದಳು ಶಾಮಲಾ. ತಾನು ಮಾಡಿದ್ದು ಸರಿ ಎಂದು ವಾದಿಸುವ ಮನಸ್ಸಾಗಲಿಲ್ಲ. ಆ ವಾರಗಳಲ್ಲಿ ಅವಳಿಗೂ ನಿದ್ದೆ ಸರಿಯಿರಲಿಲ್ಲ.

ಇಬ್ಬರೂ ಸೇರಿ ಹುಡುಕಿದರು. ಸಿಯಾಮಿಗೆ ಹೋದ ಕೂಲಿಗಳ ಪಟ್ಟಿಗಳಲ್ಲಿ ಸಿಕ್ಕಿದ್ದನ್ನೆಲ್ಲ ಹಂಸಾ ಓದಿದಳು. ಸೈನಿಕರ ಹೆಸರುಗಳಿದ್ದವು, ಸಮಾಧಿಯ ಸಂಖ್ಯೆಗಳೂ ಇದ್ದವು. ಕೂಲಿಗಳದು ಹೆಚ್ಚಿನ ಕಡೆ ಬರಿಯ ತಲೆ ಎಣಿಕೆ. ಗಿರಿಧರ್ ಎಂಬ ಹೆಸರು ಎಲ್ಲಿಯೂ ಇರಲಿಲ್ಲ.

ಶ್ರಾವಣ ಬಹುಳ ಪಂಚಮಿ ಆ ವರ್ಷ ಆಗಸ್ಟ್ ನಡುವೆಯೇ ಹಾಗೇ ಕಳೆದುಹೋಗಿತ್ತು. ಗಿರಿಧರ್ ಹೆಸರಿನಲ್ಲಿ ಎಪ್ಪತ್ತೊಂಬತ್ತು ವರ್ಷ ತಪ್ಪದೆ ನಡೆದಿದ್ದ ಶ್ರಾದ್ಧ ನಡೆದಿರಲಿಲ್ಲ. ಸೆಪ್ಟೆಂಬರಿನಲ್ಲಿ ಮಹಾಲಯ ಅಮಾವಾಸ್ಯೆ ಬಂತು. ತಿಥಿ ಗೊತ್ತಿಲ್ಲದವರಿಗೆಲ್ಲ ಎಳ್ಳುನೀರು ಬಿಡುವ ದಿನ. ಭಾನುವಾರವಾದ್ದರಿಂದ ದೇವಸ್ಥಾನದ ಅಂಗಳ ತುಂಬಿತ್ತು. ಬದರಿನಾಥ್ ಕರೆದಿದ್ದರಿಂದ ಶಾಮಲಾಳೂ ಬಂದು ಹಂಸಾಳ ಪಕ್ಕದಲ್ಲಿ, ಕಂಬದ ಹತ್ತಿರ ನಿಂತಳು.

ಪುರೋಹಿತರು ಮೊದಲು ತಂದೆಯ ಹೆಸರು ಕೇಳಿದರು.

"ಮೊದ್ಲು ದೊಡ್ಡಪ್ಪಂದು ಮಾಡ್ಸಿ," ಎಂದರು ಬದರಿನಾಥ್.

"ಹಾಗೆ ಬರಲ್ಲ ಸಾರ್. ಮೊದಲು ತಂದೆ. ದೊಡ್ಡಪ್ಪ ಚಿಕ್ಕಪ್ಪ ಎಲ್ಲಾ ಆಮೇಲೆ."

ಹಿಂದೆ ಸಾಲಿನಲ್ಲಿ ಜನ ಕಾಯುತ್ತಿದ್ದರು. ಬದರಿನಾಥ್ ಬೊಗಸೆಯಲ್ಲಿ ಎಳ್ಳು ಹಿಡಿದು ಕೂತರು. ಹಂಸಾ ಒಂದು ಹೆಜ್ಜೆ ಮುಂದಿಟ್ಟಳು. ಶಾಮಲಾ ಅವಳ ತೋಳು ಹಿಡಿದಳು. ಪುರೋಹಿತರು ಮತ್ತೆ ಕೇಳಿದರು. ಬಹಳ ಮೆಲ್ಲಗೆ, ಹತ್ತಿರದವರಿಗೆ ಮಾತ್ರ ಕೇಳುವಷ್ಟು, ಬದರಿನಾಥ್ 'ಗುರುಮೂರ್ತಿ' ಎಂದರು. ಮಂತ್ರ ಮುಗಿಯಿತು. ಎಳ್ಳುನೀರು ಬಿಟ್ಟರು.

ಆಮೇಲೆ ತಾಯಿ. ಆಮೇಲೆ ಗಿರಿಧರ್.

"ಸಂಬಂಧ?"

"ದೊಡ್ಡಪ್ಪ."

"ತೀರಿಕೊಂಡ ತಿಥಿ?"

"ಗೊತ್ತಿಲ್ಲ," ಎಂದರು ಬದರಿನಾಥ್, ಈಗ ಸ್ಪಷ್ಟವಾಗಿ.

ಮುಗಿಸಿ ಎದ್ದಾಗ ಮಂಡಿ ಹಿಡಿದುಕೊಂಡಿತ್ತು. ಹಂಸಾ ಒಂದು ಕಡೆ, ಶಾಮಲಾ ಒಂದು ಕಡೆ ಹಿಡಿದು ಅವರನ್ನು ಮೆಟ್ಟಿಲು ಇಳಿಸಿದರು. ಚಪ್ಪಲಿ ಬಿಟ್ಟ ಜಾಗದಲ್ಲಿ ಅವರು ಒಂದು ಕ್ಷಣ ನಿಂತು ಸುಧಾರಿಸಿಕೊಂಡರು.

"ಅಪ್ಪನ ಮೇಲೆ ಸಿಟ್ಟು ಹೋಗಿಲ್ಲಮ್ಮ," ಎಂದರು ಶಾಮಲಾಳಿಗೆ. "ಹೋಗುತ್ತೋ ಇಲ್ವೋ ಗೊತ್ತಿಲ್ಲ. ಆದ್ರೆ ಅವರಿಗೆ ನೀರು ಬಿಡದೆ ಹೆಂಗೆ ಎದ್ದು ಬರ್ಲಿ?"

ಊಟ ಮಾಡಿಕೊಂಡೇ ಹೋಗಬೇಕೆಂದು ಅವರು ಹಟ ಹಿಡಿದರು. ಮೂವರೂ ಕೈ ತೊಳೆದುಕೊಂಡು ಎಲೆ ಹಾಕುತ್ತಿದ್ದ ಸಾಲಿನಲ್ಲಿ ಹೋಗಿ ಕೂತರು.